ಮನೆ ಬಿಟ್ಟ ಹಾಡು

ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನಲ್ಲಿ, ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ದುಡಿದು ಬದುಕುತ್ತಿದ್ದ ಒಂದು ಯೆಹೂದಿ ಮನೆ. ಕಳೆದ ಶತಮಾನದ ಮೊದಲ ವರ್ಷಗಳು. ಶನಿವಾರ ಬಂತೆಂದರೆ ಆ ಮನೆಯ ಯಜಮಾನ, ಸಭಾಮಂದಿರಕ್ಕೆ ಹೋಗಿ ಪ್ರವಚನ ಕೇಳಿ ಬರುತ್ತೇವೆಂದು ಹೆಂಡತಿಗೆ ಹೇಳಿ ಮಗನ ಕೈ ಹಿಡಿದು ಹೊರಡುತ್ತಿದ್ದ. ದಾರಿ ಮಾತ್ರ ಹೇಗೋ ಥಾಲಿಯಾ ಥಿಯೇಟರಿನ ಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು. ಒಳಗೆ, ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತಾದ ಯಿಡ್ಡಿಷಿನಲ್ಲಿ ನಾಟಕ: ಹಾಡು, ಅಳು, ನಗು, ಬೈಗುಳ, ಪ್ರಾರ್ಥನೆ, ಎಲ್ಲವೂ ಒಂದೇ ಸಂಜೆಯಲ್ಲಿ. ಆ ಮಗ ಯಿಪ್ ಹಾರ್ಬರ್ಗ್. ದೊಡ್ಡವನಾದ ಮೇಲೆ ಈ ಕಥೆಯನ್ನು ಅವನೇ ಹೇಳಿಕೊಂಡಿದ್ದಾನೆ. 1939ರಲ್ಲಿ ಬಂದ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದಲ್ಲಿ ಕಾಮನಬಿಲ್ಲಿನ ಆಚೆಯ ನಾಡಿಗೆ ಹಂಬಲಿಸುವ ಹಾಡನ್ನು ಬರೆದವನು ಅವನೇ. ಅದಕ್ಕೆ ರಾಗ ಕೂಡಿಸಿದ ಹೆರಾಲ್ಡ್ ಆರ್ಲೆನ್, ಬಫಲೊ ನಗರದ ಸಭಾಮಂದಿರದಲ್ಲಿ ಪ್ರಾರ್ಥನೆ ಹಾಡುತ್ತಿದ್ದ ಕ್ಯಾಂಟರ್ ಒಬ್ಬನ ಮಗ.

ಆ ತಂದೆ ಹೇಳಿದ್ದು ಸುಳ್ಳೆಂದು ನಾವು ತೀರ್ಮಾನಿಸಬೇಕೆ? ಪ್ರವಚನಕ್ಕೆಂದು ಹೊರಟವನು ನಾಟಕಕ್ಕೆ ಹೋದ, ನಿಜ. ಆದರೆ ಅಲ್ಲಿ ಅವನಿಗೆ ದಕ್ಕಿದ್ದು ಪ್ರವಚನದಲ್ಲಿ ಸಿಗುವುದಕ್ಕಿಂತ ತೀರ ಬೇರೆಯಾದದ್ದೆ? ಒಂದು ಜನಾಂಗ ತನ್ನ ದೇವರನ್ನು, ತನ್ನ ದುಃಖವನ್ನು, ತನ್ನ ಹಾಸ್ಯವನ್ನು ಸಭಾಮಂದಿರದಿಂದ ರಂಗಮಂದಿರಕ್ಕೆ, ಅಲ್ಲಿಂದ ಪರಭಾಷೆಯ ನಾಟಕಬೀದಿಯಾದ ಬ್ರಾಡ್‌ವೇಗೆ ಹೊತ್ತು ತಂದ ಬಗೆಯನ್ನು ನೋಡುವಾಗ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಮನೆ ಬಿಟ್ಟು ಹೊರಟದ್ದು ಮನೆಗೆ ದ್ರೋಹ ಬಗೆಯಿತೋ, ಮನೆಯನ್ನು ಉಳಿಸಿತೋ?

ಹಾಗೆ ನೋಡಿದರೆ ಯೆಹೂದಿ ಧರ್ಮ ರಂಗಭೂಮಿಯನ್ನು ಮುದ್ದಿನಿಂದ ಸಾಕಿದ್ದಲ್ಲ. ಗಂಡಸು ಹೆಣ್ಣಿನ ಉಡುಪು ತೊಡುವುದು, ಪರಪುರುಷರ ಮುಂದೆ ಹೆಣ್ಣು ದನಿಯೆತ್ತಿ ಹಾಡುವುದು, ಇವೆಲ್ಲ ಮಡಿವಂತರ ಕಣ್ಣಿಗೆ ನಿಷಿದ್ಧ. ವರ್ಷಕ್ಕೊಂದು ದಿನ ಮಾತ್ರ ಬಿಗಿ ಸಡಿಲುತ್ತಿತ್ತು: ಪೂರೀಮ್ ಹಬ್ಬ. ಹಾಮಾನನ ಸಂಚಿನಿಂದ ತನ್ನ ಜನರನ್ನು ಉಳಿಸಿದ ಎಸ್ತೇರಳ ಕಥೆಯನ್ನು ಅಂದು ಓದುತ್ತಾರೆ. ಹಾಮಾನನ ಹೆಸರು ಬಂದಾಗಲೆಲ್ಲ ಗಿಲಕಿ ತಿರುಗಿಸಿ, ನೆಲ ಒದ್ದು, ಆ ಹೆಸರು ಕಿವಿಗೆ ಬೀಳದಂತೆ ಗದ್ದಲ ಎಬ್ಬಿಸುತ್ತಾರೆ. ಅದೇ ಹಬ್ಬದಲ್ಲಿ ಹುಡುಗರು ವೇಷ ಹಾಕಿ ಮನೆಮನೆಗೆ ಹೋಗಿ ಆ ಕಥೆಯನ್ನು ಆಡಿ, ಊರ ದೊಡ್ಡವರನ್ನೆಲ್ಲ ಗೇಲಿ ಮಾಡಿ, ಚಿಲ್ಲರೆ ಕಾಸು, ತಿಂಡಿ ಪಡೆದು ಬರುತ್ತಿದ್ದರು. ಒಂದು ಜನಾಂಗದ ನಾಟಕಕಲೆ ಕಣ್ಣು ಬಿಟ್ಟಿದ್ದು, ಕೊಲೆಯಿಂದ ಪಾರಾದ ಕಥೆಯನ್ನು ನಗುತ್ತ ಹೇಳುವ ದಿನದಲ್ಲಿ ಎಂಬುದು ಸಣ್ಣ ಸಂಗತಿಯೆ? ಅಪಾಯದ ನೆನಪಿಗೂ ಹಾಸ್ಯಕ್ಕೂ ಅಂದು ಬಿದ್ದ ಗಂಟು ಮುಂದೆಂದೂ ಬಿಚ್ಚಲಿಲ್ಲ.

ಆ ಒಂದು ದಿನವನ್ನು ವರ್ಷವಿಡೀ ಹರಡಿದವನು ಅವ್ರಹಾಮ್ ಗೋಲ್ಡ್‌ಫಾಡೆನ್. 1876ರಲ್ಲಿ, ರುಮೇನಿಯಾದ ಯಾಶ್ ನಗರದ ‘ಹಸಿರು ಮರ’ ಎಂಬ ಹೆಸರಿನ ತೋಟದಲ್ಲಿ, ಕುಡಿಯಲು ಕೂತವರ ಮುಂದೆ ಗಾಯಕರು ಹಾಡಿಹೋಗುತ್ತಿದ್ದ ಹಾಡುಗಳ ನಡುವೆ ಮಾತು ಹೆಣೆದು ಅವನು ನಾಟಕ ಕಟ್ಟಿದ. ವೃತ್ತಿಪರ ಯಿಡ್ಡಿಷ್ ರಂಗಭೂಮಿಯನ್ನು ಅಲ್ಲಿಂದ ಎಣಿಸುವುದು ವಾಡಿಕೆ. ನಾವು ಗಮನಿಸಬೇಕಾದದ್ದು ಇಷ್ಟು: ಅಲ್ಲಿ ಹಾಡು ಮೊದಲು, ಮಾತು ಆಮೇಲೆ. ಕಥೆಗೆ ಅಲಂಕಾರವಾಗಿ ಹಾಡು ಬರಲಿಲ್ಲ. ಹಾಡಿಗೆ ನೆಲೆಯಾಗಿ ಕಥೆ ಬಂತು. ಮೊದಲ ನಟಿಯರಲ್ಲಿ ಸಾರಾ ಸೆಗಲ್ ಎಂಬವಳನ್ನು, ಮದುವೆಯಾಗದ ಹುಡುಗಿ ನಾಟಕದವರ ಜೊತೆ ತಿರುಗಬಾರದೆಂದು ತಾಯಿ ತಡೆದಳು. ತಂಡದ ನಟನೊಬ್ಬ ಅವಳನ್ನು ಮದುವೆಯೇ ಆಗಿ ಆ ತೊಡಕು ಬಿಡಿಸಿದ. ಸಂಪ್ರದಾಯವನ್ನು ಮುರಿಯಲು ಸಂಪ್ರದಾಯವನ್ನೇ ಬಳಸಿಕೊಂಡ ಈ ಜಾಣತನದಲ್ಲಿ ಮುಂದಿನ ನೂರು ವರ್ಷಗಳ ಕಥೆಯೆಲ್ಲ ಅಡಗಿದೆ.

1883ರಲ್ಲಿ ರಷ್ಯಾ ಸಾಮ್ರಾಜ್ಯ ಯಿಡ್ಡಿಷ್ ನಾಟಕವನ್ನು ನಿಷೇಧಿಸಿತು. ದನಿ ಅಡಗಿಸುವುದು ದೊರೆಗಳ ಉದ್ದೇಶ. ಆದದ್ದು, ಆ ದನಿ ಲಂಡನ್ನಿಗೂ ನ್ಯೂಯಾರ್ಕಿಗೂ ಹಡಗು ಹತ್ತಿದ್ದು. 1881ರಿಂದ ಮೊದಲ ಮಹಾಯುದ್ಧದವರೆಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯೆಹೂದಿಗಳು ಅಮೆರಿಕಕ್ಕೆ ಹೋದರು. ಗಂಟುಮೂಟೆಯ ಜೊತೆಗೆ ಅವರ ನಾಟಕವೂ ಹೋಯಿತು.

ನ್ಯೂಯಾರ್ಕಿನಲ್ಲಿ ಮೊದಲು ಬೋವರಿ ಬೀದಿ, ಆಮೇಲೆ ಸೆಕೆಂಡ್ ಅವೆನ್ಯೂ ಈ ನಾಟಕದ ನೆಲೆಯಾದವು. ಪ್ರೇಕ್ಷಕರು ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವರು. ಕಾರ್ಮಿಕ ಸಂಘಗಳು, ಒಂದೇ ಊರಿನಿಂದ ಬಂದವರ ಸಂಘಗಳು ವಾರದ ನಡುವಿನ ಪ್ರದರ್ಶನಗಳನ್ನು ಸಗಟಾಗಿ ಕೊಂಡು, ಟಿಕೆಟ್ ಮಾರಿ ಬಂದ ಲಾಭವನ್ನು ತಮ್ಮ ನಿಧಿಗೆ ಹಾಕಿಕೊಳ್ಳುತ್ತಿದ್ದವು. ನಾಟಕ ನೋಡುವುದೂ ನೆರೆಯವನಿಗೆ ನೆರವಾಗುವುದೂ ಒಂದೇ ಟಿಕೆಟ್ಟಿನಲ್ಲಿ ಮುಗಿಯುತ್ತಿತ್ತು. ನಮ್ಮ ಕಂಪನಿ ನಾಟಕಗಳ ‘ವನ್ಸ್ ಮೋರ್’ ಗದ್ದಲವನ್ನು ಬಲ್ಲವರಿಗೆ ಆ ಸಭಾಂಗಣವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಿಂಡಿಯ ಪೊಟ್ಟಣ, ಅಳುವ ಮಕ್ಕಳು, ನೆಚ್ಚಿನ ನಟನ ಪರವಾಗಿ ಕೈಮಿಲಾಯಿಸಲೂ ಸಿದ್ಧವಿದ್ದ ಅಭಿಮಾನಿ ಪಡೆಗಳು.

1892ರಲ್ಲಿ ಯಾಕೊಬ್ ಗೋರ್ಡಿನ್ ಬರೆದ ‘ಯಿಡ್ಡಿಷ್ ಕಿಂಗ್ ಲಿಯರ್’ ನಾಟಕದಲ್ಲಿ ಜಾಕೊಬ್ ಆಡ್ಲರ್ ಮುಖ್ಯ ಪಾತ್ರ ವಹಿಸಿದ. ಮಕ್ಕಳಿಗೆ ಆಸ್ತಿ ಹಂಚಿ ಬೀದಿಗೆ ಬಿದ್ದ ಮುದುಕ ತುತ್ತಿಗಾಗಿ ಬೇಡುವ ದೃಶ್ಯ. ಪ್ರೇಕ್ಷಕನೊಬ್ಬ ತಡೆಯಲಾರದೆ ಎದ್ದು ರಂಗದತ್ತ ನಡೆದು, ಆ ಕೆಟ್ಟ ಮಕ್ಕಳ ಹಂಗೇಕೆ, ನಮ್ಮ ಮನೆಗೆ ಬಾ, ನನ್ನ ಹೆಂಡತಿ ಚೆನ್ನಾಗಿ ಅಡುಗೆ ಮಾಡುತ್ತಾಳೆ ಎಂದು ಕರೆದನಂತೆ. ಕೇಳಿದರೆ ನಗು ಬರುತ್ತದೆ. ಆದರೆ ಹಳೆಯ ಊರಿನಲ್ಲಿ ತಂದೆತಾಯಿಯನ್ನು ಬಿಟ್ಟು ಬಂದವನಿಗೆ, ರಂಗದ ಮೇಲಿನ ಮುದುಕ ಯಾರಾಗಿ ಕಂಡಿರಬೇಕು? ಅವನು ಊಟಕ್ಕೆ ಕರೆದದ್ದು ನಟನನ್ನೆ? ಕಲೆಯನ್ನು ಅರಿಯದವನ ಮುಗ್ಧತೆ ಎಂದು ವಿಮರ್ಶಕರು ಇದನ್ನು ತಳ್ಳಿಹಾಕಬಹುದು. ನನಗೆ ಇದು ಕಲೆಗೆ ಸಂದ ದೊಡ್ಡ ಮರ್ಯಾದೆಯಾಗಿ ತೋರುತ್ತದೆ. ಅದೇ ಆಡ್ಲರನ ಮಗಳು ಸ್ಟೆಲ್ಲಾ ಮುಂದೆ ಮಾರ್ಲನ್ ಬ್ರಾಂಡೊಗೆ ನಟನೆ ಕಲಿಸಿದಳು ಎಂಬುದನ್ನು ನೆನೆದರೆ, ಆ ಸಭಾಂಗಣದ ಬಿಸಿ ಎಷ್ಟು ದೂರ ಹೋಯಿತೆಂದು ತಿಳಿದೀತು.

ಸೆಕೆಂಡ್ ಅವೆನ್ಯೂವಿನಿಂದ ಬ್ರಾಡ್‌ವೇ ಕಾಲ್ನಡಿಗೆಯ ದೂರ. ಮನಸ್ಸಿನಲ್ಲಿ ಮಾತ್ರ ಒಂದು ತಲೆಮಾರಿನ ದೂರ. ದಾಟಿದವರು ಮಕ್ಕಳು. ಬ್ರಾಡ್‌ವೇಗೆ ಹಾಡು ಕಟ್ಟಿದ ಇರ್ವಿಂಗ್ ಬರ್ಲಿನ್ ಕ್ಯಾಂಟರನ ಮಗ. ಜರ್ಮನಿಯ ಡೆಸ್ಸೌದಿಂದ ಬಂದ ಕರ್ಟ್ ವೈಲ್ ಕ್ಯಾಂಟರನ ಮಗ. ಆರ್ಲೆನ್ ಆಗಲೇ ಬಂದ. ದೇವರ ಮುಂದೆ ಜನರ ಪರವಾಗಿ ಹಾಡುವುದು ಕ್ಯಾಂಟರನ ಕೆಲಸ. ಆ ಹಾಡಿನಲ್ಲಿ ಬಿಕ್ಕು ಇರುತ್ತದೆ, ಬೇಡಿಕೆ ಇರುತ್ತದೆ, ಒಂದಿಷ್ಟು ಜಗಳವೂ ಇರುತ್ತದೆ. ಸೊದೋಮ್ ನಗರವನ್ನು ಉಳಿಸೆಂದು ದೇವರೊಡನೆ ಚೌಕಾಸಿ ಮಾಡಿದ ಅಬ್ರಹಾಮನ ವಂಶದವರು ಪ್ರಾರ್ಥನೆಯಲ್ಲೂ ವಾದ ಬಿಟ್ಟಾರೆಯೆ? ಮಕ್ಕಳು ದೇವರ ಜಾಗದಲ್ಲಿ ಟಿಕೆಟ್ ಕೊಂಡ ಪ್ರೇಕ್ಷಕರನ್ನು ಕೂರಿಸಿದರು. ಬಿಕ್ಕು, ಬೇಡಿಕೆ, ಜಗಳ ಹಾಗೇ ಉಳಿದವು.

ಪಾಶ್ಚಾತ್ಯ ಸಂಗೀತದ ಪಾಠದಲ್ಲಿ ಮೇಜರ್ ಸ್ವರಶ್ರೇಣಿ ಸಂತೋಷಕ್ಕೆ, ಮೈನರ್ ದುಃಖಕ್ಕೆ. ಪೂರ್ವ ಯುರೋಪಿನ ಯೆಹೂದಿಗಳಿಗೆ ಈ ಪಾಠವನ್ನು ಯಾರೂ ಹೇಳಿಕೊಟ್ಟಂತಿಲ್ಲ. ಅವರ ಮದುವೆಯ ಕುಣಿತವೂ ಅನೇಕ ವೇಳೆ ಮೈನರಿನಲ್ಲೇ ಇರುತ್ತದೆ. ದುಃಖದ ಸ್ವರದಲ್ಲಿ ಹೆಜ್ಜೆ ಹಾಕಿಸುವುದು ಬರಿಯ ಸಂಗೀತದ ತಂತ್ರವೆ, ಬದುಕಿನ ಬಗೆಗಿನ ಒಂದು ನಿಲುವೆ? ಸುಖವೊಂದು ಕೋಣೆ, ದುಃಖವೊಂದು ಕೋಣೆ ಎಂದು ಮನೆ ಕಟ್ಟಿಕೊಳ್ಳುವ ಭಾಗ್ಯ ಅವರಿಗಿರಲಿಲ್ಲ. ಒಂದೇ ಕೋಣೆಯಲ್ಲಿ ಎರಡೂ ಮಲಗಬೇಕಿತ್ತು. ಬ್ರಾಡ್‌ವೇಯ ಹಾಡುಗಾರರಲ್ಲಿ ಯೆಹೂದಿಯಲ್ಲದ ಕೋಲ್ ಪೋರ್ಟರ್ ಈ ಗುಟ್ಟನ್ನು ಕಂಡುಕೊಂಡ. ಜನ ಮೆಚ್ಚುವ ಹಾಡಿನ ಮರ್ಮ ತನಗೆ ಸಿಕ್ಕಿದೆ, ಇನ್ನು ಮುಂದೆ ಯೆಹೂದಿ ರಾಗಗಳನ್ನೇ ಬರೆಯುತ್ತೇನೆ ಎಂದು 1926ರಲ್ಲಿ ಸಂಗೀತಕಾರ ರಿಚರ್ಡ್ ರಾಜರ್ಸ್‌ಗೆ ಹೇಳಿದನಂತೆ. ಯೆಹೂದಿಯಾದ ರಾಜರ್ಸ್ ಅದನ್ನು ತಮಾಷೆಯೆಂದುಕೊಂಡ. ಪೋರ್ಟರ್ ತಮಾಷೆ ಮಾಡಿರಲಿಲ್ಲ. ಮೈನರಿನಲ್ಲಿ ತೂಗುವ ಅವನ ಹಾಡುಗಳೇ ಸಾಕ್ಷಿ.

ರಾಗ ಹೀಗೆ ಭಾಷೆಯನ್ನು ಬಿಟ್ಟು ನಡೆಯಲು ಕಲಿಯಿತು. ಶೋಲೊಮ್ ಸೆಕುಂಡ 1932ರಲ್ಲಿ ಬ್ರೂಕ್ಲಿನ್ನಿನ ಯಿಡ್ಡಿಷ್ ಸಂಗೀತ ನಾಟಕವೊಂದಕ್ಕೆ ‘ಬೈ ಮಿರ್ ಬಿಸ್ತು ಶೇನ್’ ಹಾಡಿನ ರಾಗ ಹಾಕಿದ. ಆಮೇಲೆ ಅದರ ಹಕ್ಕನ್ನು 30 ಡಾಲರಿಗೆ ಮಾರಿದ. ಆ ಹಣವನ್ನೂ ಹಾಡು ಬರೆದವನ ಜೊತೆ ಹಂಚಿಕೊಂಡ. 1937ರಲ್ಲಿ ಆಂಡ್ರ್ಯೂಸ್ ಸಿಸ್ಟರ್ಸ್ ಅದನ್ನು ಇಂಗ್ಲಿಷಿನಲ್ಲಿ ಹಾಡಿದಾಗ ಇಡೀ ಅಮೆರಿಕ ಗುನುಗಿತು. ಹಣ ಕೈತಪ್ಪಿದ್ದಕ್ಕೆ ಮರುಗುವವರು ಮರುಗಲಿ. ನನ್ನನ್ನು ಕಾಡುವುದು ಬೇರೆ: ಯಿಡ್ಡಿಷಿನ ಸೊಲ್ಲೊಂದನ್ನು ಮಾತ್ರ ಉಳಿಸಿಕೊಂಡ ಆ ಹಾಡು ಗೆದ್ದಾಗ, ಗೆದ್ದದ್ದು ಯಾವುದು? ಯಿಡ್ಡಿಷ್ ರಂಗದ ದೊಡ್ಡ ನಟ ಬೋರಿಸ್ ಥೊಮಶೆವ್‌ಸ್ಕಿ ಒಮ್ಮೆ ಇದೇ ಸೆಕುಂಡನಿಗೆ, ಒಬ್ಬ ತರುಣನೊಡನೆ ಜೊತೆಗೂಡಿ ಸಂಗೀತ ಮಾಡು ಎಂದಿದ್ದ. ಅವನು ತನಗೆ ತಕ್ಕ ಜೊತೆಯಲ್ಲವೆಂದು ಸೆಕುಂಡ ಒಪ್ಪಲಿಲ್ಲ. ತರುಣನ ಹೆಸರು ಜಾರ್ಜ್ ಗರ್ಶ್‌ವಿನ್.

ಗರ್ಶ್‌ವಿನ್ 1935ರಲ್ಲಿ ‘ಪೋರ್ಗಿ ಅಂಡ್ ಬೆಸ್’ ಬರೆದ. ಅದು ದಕ್ಷಿಣ ಕರೊಲಿನಾದ ಕರಿಯರ ಕೇರಿಯ ಕಥೆ. ಅವನಂತೆ ಯೆಹೂದಿಗಳೇ ರಾಗ ಕೂಡಿಸಿದ ನಾಟಕಗಳಲ್ಲಿ ‘ಶೋ ಬೋಟ್’ ಮಿಸಿಸಿಪ್ಪಿ ನದಿಯ ಕಥೆ, ‘ಓಕ್ಲಹೋಮ!’ ರೈತರ, ದನಗಾಹಿಗಳ ಕಥೆ. 1957ರ ‘ವೆಸ್ಟ್ ಸೈಡ್ ಸ್ಟೋರಿ’ ಮೊದಲು ಹೊಳೆದಾಗ ಅದು ಈಸ್ಟ್ ಸೈಡಿನ ಕಥೆಯಾಗಿತ್ತು: ಈಸ್ಟರ್ ಮತ್ತು ಯೆಹೂದಿಗಳ ಪಸ್ಕಹಬ್ಬದ ನಡುವೆ ಪ್ರೀತಿಸಿದ ಕ್ಯಾಥೊಲಿಕ್ ಮತ್ತು ಯೆಹೂದಿ ಮಕ್ಕಳದ್ದು. ಕಟ್ಟಿದ ನಾಲ್ವರೂ, ಬರ್ನ್‌ಸ್ಟೈನ್, ರಾಬಿನ್ಸ್, ಲಾರೆಂಟ್ಸ್, ಸಾಂಡ್‌ಹೈಮ್, ಯೆಹೂದಿಗಳೇ. ರಂಗಕ್ಕೆ ಬರುವಷ್ಟರಲ್ಲಿ ಯೆಹೂದಿ ಮಾತ್ರ ಕಥೆಯಿಂದ ಎದ್ದುಹೋಗಿ, ಅವನ ಜಾಗಕ್ಕೆ ಪ್ಯುಯೆರ್ಟೊ ರಿಕೊದವರು ಬಂದಿದ್ದರು. ತಮ್ಮ ಕಥೆ ಬಿಟ್ಟು ಇವರು ಉಳಿದವರ ಕಥೆಯನ್ನೆಲ್ಲ ಏಕೆ ಹೇಳಿದರು? ಅಂಜಿಕೆಯೆ? ಇರಬಹುದು. ಒಳಗೆ ಬರಲು ಬಯಸುವವನು ಮೊದಲು ಮನೆಯವರ ಕಥೆಯನ್ನೇ ಹೊಗಳುತ್ತಾನೆ. ಆದರೆ ಹೊರಗೆ ನಿಂತವನಿಗೆ ಹೊರಗೆ ನಿಂತ ಇನ್ನೊಬ್ಬನ ನೋವು ಬೇಗ ಗೊತ್ತಾಗುತ್ತದೆ ಎಂಬುದೂ ಅಷ್ಟೇ ನಿಜ. ‘ಸೌತ್ ಪೆಸಿಫಿಕ್’ನಲ್ಲಿ, ದ್ವೇಷ ಹುಟ್ಟಿನೊಂದಿಗೆ ಬರುವುದಲ್ಲ, ಎಳೆಯರಿಗೆ ಕಲಿಸಿ ತುಂಬುವುದು ಎನ್ನುವ ಒಂದು ಹಾಡಿದೆ. ಅದನ್ನು ತೆಗೆದುಹಾಕಿ ಎಂದು ಹಲವರು ಒತ್ತಾಯಿಸಿದರು. ನಾಟಕ ಕಟ್ಟಿದ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ತೆಗೆಯಲಿಲ್ಲ.

ಇದರ ಪಕ್ಕದಲ್ಲೇ ಒಂದು ಕಳಂಕವೂ ಇದೆ, ಅದನ್ನು ಮರೆಮಾಚಬಾರದು. ಕ್ಯಾಂಟರನ ಮಗ ಆಲ್ ಜಾಲ್ಸನ್, 1927ರ ‘ದಿ ಜಾಝ್ ಸಿಂಗರ್’ ಚಿತ್ರದಲ್ಲಿ ತನ್ನದೇ ಬದುಕನ್ನು ಹೋಲುವ ಕಥೆಯನ್ನು ಅಭಿನಯಿಸುತ್ತ, ಮುಖಕ್ಕೆ ಮಸಿ ಬಳಿದುಕೊಂಡು ಕರಿಯನ ವೇಷದಲ್ಲಿ ತಾಯಿಗಾಗಿ ಹಾಡುತ್ತಾನೆ. ಬೇರೊಬ್ಬನ ಅವಮಾನವನ್ನು ಮೆಟ್ಟಿಲು ಮಾಡಿಕೊಂಡು ಮನೆಯೊಳಗೆ ಹೋಗುವುದು ಸಹಾನುಭೂತಿಯಲ್ಲ. ನೊಂದವರೆಲ್ಲ ನೋವನ್ನು ಅರಿಯುತ್ತಾರೆಂದು ನಂಬಲು ನಮಗೂ ಆಸೆ. ಇತಿಹಾಸ ಆ ಆಸೆಯನ್ನು ಪೂರ್ತಿ ನಡೆಸಿಕೊಡುವುದಿಲ್ಲ.

ಹಳೆಯ ಊರಿನ ತಮ್ಮದೇ ಕಥೆಯನ್ನು ಬ್ರಾಡ್‌ವೇಯ ಸಂಗೀತ ನಾಟಕವಾಗಿ ನೇರವಾಗಿ ಹೇಳಲು 1964ರವರೆಗೆ ಕಾಯಬೇಕಾಯಿತು. ಯಿಡ್ಡಿಷ್ ಲೇಖಕ ಶೋಲೆಮ್ ಅಲೈಖೆಮನ ಹಾಲು ಮಾರುವ ತೆವ್ಯೆಯ ಕಥೆಗಳಿಂದ ಹುಟ್ಟಿದ ‘ಫಿಡ್ಲರ್ ಆನ್ ದಿ ರೂಫ್’ ಆ ವರ್ಷದ ಸೆಪ್ಟೆಂಬರ್ 22ರಂದು ಆರಂಭವಾಗಿ 3,242 ಪ್ರದರ್ಶನ ಕಂಡಿತು. ಅದಕ್ಕೆ ಮೊದಲು ಬ್ರಾಡ್‌ವೇಯ ಯಾವ ಸಂಗೀತ ನಾಟಕವೂ ಮೂರು ಸಾವಿರ ದಾಟಿರಲಿಲ್ಲ. ಇದೇ ಲೇಖಕನ ಎರಡು ನಾಟಕಗಳು 1907ರಲ್ಲಿ, ಇದೇ ನ್ಯೂಯಾರ್ಕಿನಲ್ಲಿ, ಒಂದೇ ರಾತ್ರಿ ಎರಡು ಯಿಡ್ಡಿಷ್ ಥಿಯೇಟರುಗಳಲ್ಲಿ ತೆರೆಕಂಡು ಎರಡೂ ಸೋತಿದ್ದವು. ತನ್ನವರು ಒಲ್ಲೆವೆಂದವನ ಕಥೆಯನ್ನು, ಐವತ್ತೇಳು ವರ್ಷಗಳ ನಂತರ, ಪರಭಾಷೆಯಲ್ಲಿ ಲೋಕ ತಲೆಯ ಮೇಲೆ ಹೊತ್ತುಕೊಂಡಿತು. ಅಷ್ಟರಲ್ಲಿ ಅವನು ತೀರಿಕೊಂಡು ಅರ್ಧ ಶತಮಾನವಾಗುತ್ತ ಬಂದಿತ್ತು.

ನಿರ್ದೇಶಕ ಜೆರೋಮ್ ರಾಬಿನ್ಸ್ ತಾಲೀಮಿಗೆ ಮೊದಲು ಬರಹಗಾರರನ್ನು ಒಂದೇ ಪ್ರಶ್ನೆಯಿಂದ ಪೀಡಿಸಿದ: ಈ ನಾಟಕ ಯಾವುದರ ಬಗ್ಗೆ? ಹಾಲಿನವನು, ಅವನ ಐವರು ಹೆಣ್ಣುಮಕ್ಕಳು, ಅವರ ಮದುವೆ, ಎಂಬ ಉತ್ತರಗಳನ್ನು ಅವನು ಒಪ್ಪಲಿಲ್ಲ. ಒಂದು ಬಾಳುವೆಯ ಕ್ರಮವೇ ಕರಗಿಹೋಗುವುದರ ಬಗ್ಗೆ ಎಂಬ ಮಾತು ಬಂದಾಗ, ಹಾಗಾದರೆ ಕರಗುವ ಮೊದಲು ಅದು ಏನಿತ್ತೆಂದು ತೋರಿಸಿ ಎಂದ. ನಾಟಕ ಸಂಪ್ರದಾಯದ ಹಾಡಿನಿಂದ ಶುರುವಾಗುವುದು ಆ ಕಾರಣಕ್ಕೆ. ರಾಬಿನ್ಸ್ ಸಂಪ್ರದಾಯಸ್ಥರ ಮದುವೆಗಳಿಗೆ ಹೋಗಿ ಕೂತು, ತಲೆಯ ಮೇಲೆ ಬಾಟಲಿ ಇಟ್ಟುಕೊಂಡು ಕುಣಿಯುವವನನ್ನು ಕಂಡು ಬಂದ. ಅದೇ ನಾಟಕದ ಬಾಟಲಿ ನೃತ್ಯವಾಯಿತು. ಟೋಪಿಯ ಮೇಲೆ ಬಾಟಲಿ ಸುಮ್ಮನೆ ನಿಂತಿರುತ್ತದೆ, ಅಂಟಿಲ್ಲ, ದಾರವಿಲ್ಲ. ಕುಣಿಯುವವರು ಕೈ ಕೈ ಹಿಡಿದು ಮೊಣಕಾಲಿನ ಮೇಲೆ ಇಳಿದು ಮುಂದೆ ಸರಿಯುತ್ತಾರೆ; ಬಿದ್ದರೆ ಬಿತ್ತು.

ತೆವ್ಯೆಯಾಗಿ ನಟಿಸಿದ ಝೀರೊ ಮಾಸ್ಟೆಲ್ ಮಡಿವಂತ ಮನೆಯಲ್ಲಿ ಬೆಳೆದವನು. ತಾಲೀಮಿನಲ್ಲಿ ತೆವ್ಯೆಯ ಮನೆಯೊಳಗೆ ಕಾಲಿಡುವಾಗಲೆಲ್ಲ, ಬಾಗಿಲ ಚೌಕಟ್ಟಿಗೆ ಬೆರಳು ಮುಟ್ಟಿಸಿ ತುಟಿಗೆ ಒತ್ತಿಕೊಳ್ಳುತ್ತಿದ್ದ. ಶಾಸ್ತ್ರವಾಕ್ಯದ ಸುರುಳಿ ಇರುವ ಚೌಕಟ್ಟಿಗೆ ಯೆಹೂದಿ ಸಲ್ಲಿಸುವ ಮರ್ಯಾದೆ ಅದು. ಬೇಡ, ಬಿಡು ಎಂದ ರಾಬಿನ್ಸ್. ಮತ್ತೊಮ್ಮೆ ಒಳಬರುವಾಗ ಮಾಸ್ಟೆಲ್ ಕ್ರೈಸ್ತರಂತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ತೋರಿಸಿದನಂತೆ. ರಾಬಿನ್ಸ್ ಸೋತ, ಬೆರಳಿನ ಮುತ್ತು ಉಳಿಯಿತು. ಹುಟ್ಟುಹೆಸರಾದ ರಾಬಿನೊವಿಟ್ಸ್ ಅನ್ನು ಬಿಟ್ಟು ಬಂದಿದ್ದ ನಿರ್ದೇಶಕ ಒಂದು ಕಡೆ, ಬಾಗಿಲಿಗೆ ಮುತ್ತಿಡುವುದನ್ನು ಬಿಡಲಾರದ ನಟ ಇನ್ನೊಂದು ಕಡೆ. ಬಿಟ್ಟವನು ಇಲ್ಲದಿದ್ದರೆ ಆ ನಾಟಕ ಲೋಕಕ್ಕೆ ತಲುಪುತ್ತಿರಲಿಲ್ಲ. ಬಿಡದವನು ಇಲ್ಲದಿದ್ದರೆ ತಲುಪಿದ್ದರಲ್ಲಿ ಏನಿರುತ್ತಿತ್ತು? 1967ರಲ್ಲಿ ಟೋಕಿಯೊದಲ್ಲಿ ನಾಟಕ ಆಡಿದಾಗ, ಇಷ್ಟು ಜಪಾನಿಯಾದ ಕಥೆ ಅಮೆರಿಕದವರಿಗೆ ಹೇಗೆ ಅರ್ಥವಾಯಿತು ಎಂದು ಅಲ್ಲಿನವರು ಬೆರಗಾಗಿ ಕೇಳಿದರೆಂದು ನಾಟಕಕಾರ ಜೋಸೆಫ್ ಸ್ಟೈನ್ ನೆನೆಯುತ್ತಿದ್ದ.

ಹಾಗೆಂದು ಬೆಲೆ ತೆರದೆ ಇದೆಲ್ಲ ಸಿಕ್ಕಿತೆ? ಮೂಲ ಕಥೆಗಳಲ್ಲಿ ತೆವ್ಯೆಯ ಹೆಂಡತಿ ಸಾಯುತ್ತಾಳೆ, ದರ್ಜಿಯಾದ ಹಿರಿಯ ಅಳಿಯ ಸಾಯುತ್ತಾನೆ, ಮಗಳೊಬ್ಬಳು ನೀರಿಗೆ ಹಾರುತ್ತಾಳೆ. ಬ್ರಾಡ್‌ವೇ ಇವರೆಲ್ಲರನ್ನೂ ಬದುಕಿಸಿ, ಕೊನೆಗೆ ತೆವ್ಯೆಯನ್ನು ಅಮೆರಿಕದ ದಾರಿ ಹಿಡಿಸಿತು. 1964ರ ಪ್ರೇಕ್ಷಕರಲ್ಲಿ ಅನೇಕರು ಹಾಗೆ ದಾರಿ ಹಿಡಿದು ಬಂದವರ ಮಕ್ಕಳು. ತಾವಿರುವ ಊರೇ ಕಥೆಯ ಕೊನೆಯಾದಾಗ ಯಾರಿಗೆ ಸಮಾಧಾನವಾಗದು? ಆದರೆ ಹೊರಡದೆ ಉಳಿದವರ ಗತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿಟ್ಲರನ ಕಾಲದಲ್ಲಿ ಕೊಲೆಯಾದ 60 ಲಕ್ಷ ಯೆಹೂದಿಗಳಲ್ಲಿ ಬಹುಪಾಲು ಯಿಡ್ಡಿಷ್ ಮಾತಾಡುವವರು. ಮಾಸ್ಕೊದ ಯಿಡ್ಡಿಷ್ ರಂಗಮಂದಿರದಲ್ಲಿ ಲಿಯರನಾಗಿಯೂ ತೆವ್ಯೆಯಾಗಿಯೂ ನಿಂತ ಸೊಲೊಮನ್ ಮಿಖೊಯೆಲ್ಸ್‌ನನ್ನು 1948ರ ಜನವರಿಯಲ್ಲಿ ಸ್ಟಾಲಿನ್ನನ ಆಜ್ಞೆಯಂತೆ ಕೊಂದು, ಅಪಘಾತವೆಂದು ಸಾರಿದರು. ಮರುವರ್ಷ ಆ ಮಂದಿರವನ್ನೂ ಮುಚ್ಚಿದರು. ಸೆಕೆಂಡ್ ಅವೆನ್ಯೂವಿನ ಥಿಯೇಟರುಗಳನ್ನು ಯಾರೂ ಬಲವಂತದಿಂದ ಮುಚ್ಚಲಿಲ್ಲ. ಮಕ್ಕಳು ಇಂಗ್ಲಿಷ್ ಕಲಿತರು, ಅಷ್ಟೆ.

ಇಂದು ಯಿಡ್ಡಿಷನ್ನು ಮನೆಮಾತಾಗಿ ಆಡುವವರು ಮುಖ್ಯವಾಗಿ ಬ್ರೂಕ್ಲಿನ್, ಜೆರುಸಲೇಮ್ ಮೊದಲಾದೆಡೆಯ ಹಸಿದಿಕ್ ಪಂಥದವರು. ಅಲ್ಲಿ ಮಕ್ಕಳು ಬೀದಿಯಲ್ಲಿ ಆ ಭಾಷೆಯಲ್ಲೇ ಜಗಳವಾಡುತ್ತಾರೆ. ಆದರೆ ಅವರು ರಂಗಮಂದಿರಕ್ಕೆ ಕಾಲಿಡುವವರಲ್ಲ. ರಂಗಮಂದಿರವನ್ನು ಪ್ರೀತಿಸುವ ಮೊಮ್ಮಕ್ಕಳಿಗೋ ಭಾಷೆ ಬಾರದು. ಭಾಷೆ ಒಂದು ಮನೆಯಲ್ಲಿ, ಹಾಡು ಇನ್ನೊಂದು ಮನೆಯಲ್ಲಿ. ಎರಡೂ ಉಳಿದಿವೆ ಎಂದು ನಾವು ಸಮಾಧಾನಪಡಬಹುದೆ? ಕೂಡಿ ಬಾಳಿದ್ದಾಗ ಇದ್ದ ಕಸುವು ಬೇರೆ. ಆದರೂ ಆಯ್ಕೆಯನ್ನು ನನ್ನ ಮುಂದಿಟ್ಟರೆ, ಹೊರಟವರನ್ನು ನಾನು ದೂರಲಾರೆ. ಸಭಾಮಂದಿರದ ದಾರಿ ತಪ್ಪಿಸಿ ಮಗನನ್ನು ಥಾಲಿಯಾಗೆ ಕರೆದೊಯ್ದ ಆ ತಂದೆಯ ಪರವಾಗಿ ನಾನಿದ್ದೇನೆ. ಮನೆಯಲ್ಲಿ ಅವನನ್ನು ನಂಬಿ ಕಾದ ತಾಯಿಯದೂ ಒಂದು ಲೆಕ್ಕ ಬಾಕಿಯಿದೆ ಎಂಬ ಅರಿವಿನೊಂದಿಗೆ.

ಆ ಬಾಕಿಯ ಒಂದಿಷ್ಟು 2018ರಲ್ಲಿ ಸಂದಿತು. 1915ರಿಂದ ನಡೆದುಬಂದ ನ್ಯೂಯಾರ್ಕಿನ ಫೋಕ್ಸ್‌ಬೀನೆ ತಂಡ ‘ಫಿಡ್ಲರ್’ ನಾಟಕವನ್ನು ಯಿಡ್ಡಿಷಿನಲ್ಲಿ ಆಡಿತು. ನಿರ್ದೇಶಕ ಜೋಯಲ್ ಗ್ರೇ, ಯಿಡ್ಡಿಷ್ ಹಾಸ್ಯಗಾರ ಮಿಕಿ ಕ್ಯಾಟ್ಸ್‌ನ ಮಗ. ನಿರ್ದೇಶಕನಿಗೂ ಭಾಷೆ ಬಾರದು, ನಟರಲ್ಲಿ ಅನೇಕರಿಗೂ ಬಾರದು. ಉಚ್ಚಾರವನ್ನು ಒಂದೊಂದಾಗಿ ಕಲಿತು ಒಪ್ಪಿಸಿದರು. ಕೆಲವು ವಾರಗಳಿಗೆಂದು ಶುರುವಾದದ್ದು ಜಾಗ ಬದಲಿಸಿ 2020ರ ಜನವರಿಯವರೆಗೆ ನಡೆಯಿತು.

‘ಫಿಡ್ಲರ್’ ಚಿತ್ರವನ್ನೋ ನಾಟಕವನ್ನೋ ನೋಡಿ ಮೆಚ್ಚಿದವರಲ್ಲಿ ಒಂದು ಕೇಳಿಕೆ. ಶೋಲೆಮ್ ಅಲೈಖೆಮನ ತೆವ್ಯೆ ಕಥೆಗಳನ್ನು ಇಂಗ್ಲಿಷ್ ಅನುವಾದದಲ್ಲಾದರೂ ಓದಿ. ಪರಧರ್ಮದವನನ್ನು ಮದುವೆಯಾಗಿ ಹೋದ ಮಗಳು ಖಾವಾ, ನಾಟಕದಲ್ಲಿ ಗಂಡನೊಡನೆ ದೂರ ಹೋಗುತ್ತಾಳೆ. ಕಥೆಯಲ್ಲಿ, ಊರು ಬಿಡುವ ದಿನ, ಅವಳು ತಂದೆಯ ಮನೆಗೇ ಮರಳಿ ಬರುತ್ತಾಳೆ. ಆಗ ತೆವ್ಯೆ ತನ್ನ ಕಥೆ ಕೇಳುತ್ತಿರುವವನ ಕಡೆಗೇ ತಿರುಗಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾನೆ. ಅಲ್ಲಿಂದಲೇ ಓದಲು ತೊಡಗಬಹುದು.